ಡ್ರೈವಿಂಗ್ ಮೇಷ್ಟ್ರು ಮತ್ತು ನನ್ನ ಎಡಗಾಲು

ನಮ್ಮ ಡ್ರೈವಿಂಗ್ ಮೇಷ್ಟ್ರ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು. ಅದು ಹೇಗಾಯಿತೆಂದು ಯಾರಾದರೂ ಕೇಳಿದರೆ, ಕೇಳಿದವರ ಮುಖ ನೋಡಿ ಕತೆ ಹೇಳುತ್ತಿದ್ದರು. ಕಾಲೇಜು ಹುಡುಗರಿಗಾದರೆ, ಮಿಲಿಟರಿ ಲಾರಿ ಓಡಿಸುತ್ತಿದ್ದಾಗ ರಾಜಸ್ಥಾನದ ಗಡಿಯಲ್ಲಿ ಸಿಡಿದ ಗುಂಡಿನ ಚೂರು. ನನ್ನಂಥ ಮೇಡಮ್ಮುಗಳಿಗಾದರೆ, ಬೆಳಗಿನ ಚಳಿಯಲ್ಲಿ ಲಾರಿಗೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಎಂಜಿನ್ನು ಹಿಂದಕ್ಕೆ ಒದ್ದದ್ದು. ಒಮ್ಮೆ ಜಕ್ಕೂರಿನ ಅವರ ಮನೆಯಲ್ಲಿ ಅವರ ಹೆಂಡತಿ ಮಜ್ಜಿಗೆಯ ಲೋಟ ನನ್ನ ಕೈಗಿಡುತ್ತಾ, "ಯಾವ ಗುಂಡೂ ಇಲ್ಲ, ಯಾವ ಲಾರೀನೂ ಇಲ್ಲ ಕಣಮ್ಮ. ಚಿಕ್ಕೋರಿದ್ದಾಗ ನೇರಳೆ ಮರದಿಂದ ಬಿದ್ದಿದ್ದು" ಎಂದುಬಿಟ್ಟರು. ಮೇಷ್ಟ್ರು ಒಂದಿಷ್ಟೂ ಅಳುಕಲಿಲ್ಲ. "ಮರದಿಂದ ಬಿದ್ದಿದ್ದೂ ದಿಟವೇಯ. ಅದು ಬ್ಯಾರೆ ಗಾಯ" ಎಂದು ಮಜ್ಜಿಗೆ ಕುಡಿದರು.

ಹೀಗೆ ಬಾಯಿಗೆ ಬಂದ ಕತೆಯನ್ನು ಲೀಲಾಜಾಲವಾಗಿ ಹೇಳುತ್ತಿದ್ದ ಮನುಷ್ಯ ಒಂದು ಭಾನುವಾರ ನಮ್ಮ ಮನೆಯ ಗೇಟಿನ ಮುಂದೆ ಬಂದು ನಿಂತು ಮಾಡಿದ ಕೆಲಸವೊಂದಿದೆ. ಅವರು ತೀರಿಕೊಂಡು ಇಷ್ಟು ಕಾಲವಾದರೂ ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಗೇಟು, ಅದರಾಚೆ ಅವರ ತಿಳಿನೀಲಿ ಕಾರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲವದು. ಆರ್.ಟಿ. ನಗರದಲ್ಲಿ ನಮ್ಮ ಮನೆಯ ಅಕ್ಕಪಕ್ಕ ಇನ್ನೂ ಖಾಲಿ ಸೈಟುಗಳಿದ್ದವು. ನಾನು ಯಲಹಂಕದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಎಳವೆಯಲ್ಲಿ ಪೋಲಿಯೋ ಆಗಿ ನನ್ನ ಎಡಗಾಲು ಬಲಗಾಲಿಗಿಂತ ಸಣಕಲು. ನಡೆದರೆ ಸ್ವಲ್ಪ ಕುಂಟುತ್ತೇನೆ, ಅಷ್ಟೇ. ಆದರೆ ಆ ಅಷ್ಟೇ ಎಂಬುದು ನನಗೆ ಮಾತ್ರ. ಊರಿನವರಿಗೆ ನನ್ನ ಬದುಕಿನಲ್ಲಿ ಏನೇ ನಡೆದರೂ, ನಡೆಯದಿದ್ದರೂ, ಕಾರಣ ಕಾಲೇ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಲು ನೋಡಿ, ಹೋಗುತ್ತಿದ್ದರು.

ಬಸ್ಸಿನದೇ ದೊಡ್ಡ ಪಾಡು. ಮೆಟ್ಟಿಲು ಎತ್ತರ, ಹಿಂದಿನಿಂದ ನೂಕುವವರ ಅವಸರ. ಹೆಬ್ಬಾಳದಲ್ಲಿ ಬಸ್ ಬದಲಿಸುವಾಗ ಒಮ್ಮೆ ಕಾಲು ಜಾರಿ ಬಿದ್ದೆ. ಮೊಣಕಾಲು ಒಡೆದು ಸೀರೆಯೆಲ್ಲ ರಕ್ತ. ಅದೇ ಸೀರೆಯಲ್ಲಿ ಸ್ಕೂಲಿಗೆ ಹೋದೆ. ಹೆಡ್‌ಮಿಸ್ಟ್ರೆಸ್ ಒಳ್ಳೆಯವರೇ, ಡೆಟ್ಟಾಲ್ ಹಚ್ಚುತ್ತಾ ಹೇಳಿದರು: "ಮನೆ ಹತ್ತಿರ ಯಾವುದಾದ್ರೂ ಸ್ಕೂಲ್ ನೋಡ್ಕೋಬಾರ್ದೇನ್ರೀ? ದಿನಾ ಈ ಒದ್ದಾಟ ಯಾಕೆ?" ನನಗೆ ಆ ಸ್ಕೂಲು ಇಷ್ಟವಿತ್ತು. ಹತ್ತನೇ ತರಗತಿಯ ನನ್ನ ಮಕ್ಕಳೆಂದರೆ ಪ್ರೀತಿ. ಡೆಟ್ಟಾಲ್ ಒಣಗುವ ಮೊದಲೇ ಎದ್ದು ಅವರ ಕ್ಲಾಸಿಗೆ ಹೋದೆ.

ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ನಿವೃತ್ತರಾದ ಮೇಲೆ ಒಂದು ಹಳೆಯ ಕಾರು ಕೊಂಡಿದ್ದರು. ಎರಡು ವರ್ಷ ಓಡಿಸುವಷ್ಟರಲ್ಲಿ ಕಣ್ಣಿಗೆ ಮಂಜು ಕವಿದು ಅದು ಶೆಡ್ಡು ಸೇರಿತ್ತು. ಅಪ್ಪ, "ಕಾರು ಮನೇಲೇ ಇದೆಯಲ್ಲೇ. ನಂಗೆ ಓಡಿಸೋಕಾಗಲ್ಲ. ನೀನು ಓಡಿಸು" ಎಂದರು. ಅವರು ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಮಾರನೆಯ ವಾರ ಮೇಷ್ಟ್ರನ್ನು ಕರೆಸಿಯೇ ಬಿಟ್ಟರು.

ಮೇಷ್ಟ್ರು ಜಕ್ಕೂರಿನವರು, ಹುಟ್ಟಿ ಬೆಳೆದದ್ದು ಕೆರೆಯ ಪಕ್ಕದ ಹಳೆಯ ಊರಿನಲ್ಲೇ. ಮೊದಲು ಮಿಲಿಟರಿಯಲ್ಲಿ, ಆಮೇಲೆ ಹೊರಗೆ, ಬಹಳ ವರ್ಷ ಲಾರಿ ಓಡಿಸಿ, ಕೊನೆಗೆ ಒಂದು ಕಾರು ಕೊಂಡು ಡ್ರೈವಿಂಗ್ ಕಲಿಸಲು ಇಳಿದಿದ್ದರು. ಮದರಾಸಿನಲ್ಲಿ ತಯಾರಾದ, ಎರಡೇ ಬಾಗಿಲಿನ ಪುಟ್ಟ ಕಾರು. ಅದರ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ತೆರೆದಿಟ್ಟರೆ ಮೊಸಳೆ ಬಾಯಿ ಕಳೆದಂತೆ. ಎಡಗಡೆ ತಾವು ಕೂರುವ ಜಾಗದಲ್ಲಿ ಇನ್ನೊಂದು ಜೊತೆ ಪೆಡಲ್ ಹಾಕಿಸಿಕೊಂಡಿದ್ದರು.

ಅವರು ನನ್ನ ಕಾಲನ್ನು ನೋಡಿಯೂ ನೋಡದಂತೆ ಮಾಡಲಿಲ್ಲ. ನೇರವಾಗಿ ನೋಡಿ, "ಎಷ್ಟು ಬಲ ಐತೆ?" ಎಂದು ಕೇಳಿದರು. ಎಂಜಿನ್ ಆರಿಸಿದ್ದ ಕಾರಿನಲ್ಲಿ ಕೂರಿಸಿ, ಚಪ್ಪಲಿ ಬಿಡಿಸಿ, ಕ್ಲಚ್ ಒತ್ತಿಸಿದರು. ನಾನು ನಿಧಾನವಾಗಿ, ತಳದವರೆಗೆ ಒತ್ತಿದೆ.

"ಸಾಕು ಬುಡಿ. ಒತ್ತಾಕೆ ಇಷ್ಟು ಬಲ ದಂಡಿಯಾಯ್ತು. ಕ್ಲಚ್ಚು ಒತ್ತೋದ್ನ ಯಾರ್ ಬೇಕಾರೂ ಒತ್ತುತಾರೆ ಟೀಚರಮ್ಮ. ಬುಡೋದೇ ವಿದ್ಯೆ."

ಅವರು ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು, ನಾನು ಅವರನ್ನು ಮೇಷ್ಟ್ರೇ ಎನ್ನುತ್ತಿದ್ದೆ. ಇಬ್ಬರಲ್ಲಿ ಯಾರು ಯಾರಿಗೆ ಪಾಠ ಹೇಳುತ್ತಿದ್ದಾರೆಂದು ದಾರಿಯಲ್ಲಿ ಕೇಳಿಸಿಕೊಂಡವರಿಗೆ ತಿಳಿಯುತ್ತಿರಲಿಲ್ಲ.

ಪಾಠವೆಲ್ಲ ಬೆಳಿಗ್ಗೆ, ಜಕ್ಕೂರಿನ ವಿಮಾನದ ಮೈದಾನದ ಪಕ್ಕದ ರಸ್ತೆಯಲ್ಲಿ. ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನಗಳು ತಲೆಯ ಮೇಲೇ ಏರುತ್ತಿದ್ದವು. ಕಲಿಯುವವರ ಕಣ್ಣು ಅತ್ತ ಹೋದರೆ ಮೇಷ್ಟ್ರು, "ಅವ್ನು ಅವ್ನ ರೋಡ್ ನೋಡ್ಕೋತಾನೆ, ನೀವು ನಿಮ್ ರೋಡ್ ನೋಡಿ" ಎನ್ನುತ್ತಿದ್ದರು. ಹಾರನ್ ಹೊಡೆದರೆ ಅವರಿಗೆ ಮೈಯೆಲ್ಲ ಉರಿ. "ಆರನ್ ಒಡುದ್ರೆ ರೋಡ್ ಅಗ್ಲ ಆಯ್ತದಾ?" ಎತ್ತಿನ ಗಾಡಿ ಎದುರಾದರೆ ಯಾರೇ ಕಲಿಯುತ್ತಿರಲಿ, ಕಾರು ಪಕ್ಕಕ್ಕೆ ನಿಲ್ಲಬೇಕು. "ಅವಕ್ಕೆ ಬ್ರೇಕಿಲ್ಲ, ನಮಗೈತೆ" ಎಂದು ಎತ್ತುಗಳಿಗೆ ಕೈ ಎತ್ತಿ ನಮಸ್ಕಾರದಂತೆ ಏನೋ ಮಾಡುತ್ತಿದ್ದರು. ಜೇಬಿನ ತುಂಬ ಹುರಿದ ಕಡಲೆಕಾಯಿ. ಪಾಠ ಚೆನ್ನಾಗಿ ನಡೆದರೆ ಸಿಪ್ಪೆ ಬಿಡಿಸಿ ಕೊಡುತ್ತಿದ್ದರು, ಕೆಟ್ಟರೆ ತಾವೊಬ್ಬರೇ ತಿನ್ನುತ್ತಿದ್ದರು.

ನನ್ನ ಜೊತೆ ಇನ್ನಿಬ್ಬರು ಕಲಿಯುತ್ತಿದ್ದರು. ಒಬ್ಬ ಕಾಲೇಜು ವಿದ್ಯಾರ್ಥಿ, ಇನ್ನೊಬ್ಬರು ನಮ್ಮ ಬಡಾವಣೆಯ ಔಷಧಿ ಅಂಗಡಿಯವರು. ಒಬ್ಬರು ಓಡಿಸುವಾಗ ಉಳಿದವರು ಹಿಂದಿನ ಸೀಟಿನಲ್ಲಿ ಕೂರಬೇಕು. ಅವರಿಬ್ಬರೂ ಕ್ಲಚ್ಚನ್ನು ದಡ್ಡನೆ ತುಳಿಯುತ್ತಿದ್ದರು. ನನ್ನದು ನಿಧಾನ. ನನ್ನ ಕಾಲಿಗೆ ತಿಳಿದ ವೇಗವೇ ಅದು. ಆದರೂ ಮೊದಮೊದಲು ನಿಂತ ಗಾಡಿಯನ್ನು ಎಲ್ಲರಿಗಿಂತ ಮೆತ್ತಗೆ ಎತ್ತಿ ಹೊರಡಿಸಿದವಳು ನಾನೇ. ಕಡಲೆಕಾಯಿ ಧಾರಾಳವಾಗಿ ಸಿಗುತ್ತಿತ್ತು.

ಆಮೇಲೆ ಏನೋ ಕೆಟ್ಟಿತು. ಮೊದಲನೇ ಗೇರು ಹಾಕಹೋದರೆ ಕರ್ರೆಂದು ಹಲ್ಲು ಕಡಿದಂಥ ಶಬ್ದ. ರಿವರ್ಸಂತೂ ಬೀಳುತ್ತಲೇ ಇರಲಿಲ್ಲ. ಗೇರಿನಲ್ಲಿಟ್ಟು, ಕ್ಲಚ್ ತಳದವರೆಗೆ ಒತ್ತಿ ಹಿಡಿದು ನಿಂತಿದ್ದರೂ ಕಾರು ತಾನಾಗಿ, ಇರುವೆಯಂತೆ ಮುಂದಕ್ಕೆ ತೆವಳುತ್ತಿತ್ತು. ಮೇಷ್ಟ್ರು ತಮ್ಮ ಕಡೆಯ ಕ್ಲಚ್ಚನ್ನು ಒಮ್ಮೆ ಲಾರಿಯವರ ಕಾಲಿನಲ್ಲಿ ಒದೆಯುತ್ತಿದ್ದರು. ಆಗ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳುತ್ತಿತ್ತು. ಹಿಂದಿನ ಸೀಟಿನ ಇಬ್ಬರು ಓಡಿಸಿದಾಗಲೂ ಅಂಥ ತೊಂದರೆಯಿರಲಿಲ್ಲ. ನಾನು ಕೂತರೆ ಮಾತ್ರ ಕರ್ರ್.

ಕೊನೆಗೊಂದು ಬೆಳಿಗ್ಗೆ ಮೇಷ್ಟ್ರು ಎಂಜಿನ್ ಆರಿಸಿದರು. ಮುಂದೆ ನೋಡುತ್ತಲೇ ಹೇಳಿದರು: "ಟೀಚರಮ್ಮ, ಬೇಜಾರ್ ಮಾಡ್ಕೋಬ್ಯಾಡಿ. ನಿಮ್ ಕಾಲಿಗೆ ಒತ್ತೋ ಬಲ ಐತೆ, ಇಡ್ಕಳೋ ಬಲ ಇಲ್ಲ. ನಿಮಗೇ ಗೊತ್ತಾಗ್ದಂಗೆ ಸಡ್ಲ ಬುಡ್ತಾ ಇದ್ದೀರ. ನಾಳೆ ಸಿಗ್ನಲ್ ತಾವ ಇಂಗೆ ಗಾಡಿ ಮುಂದುಕ್ ಓದ್ರೆ ಯಾರ್ ಮ್ಯಾಲಾದ್ರೂ ಓಯ್ತದೆ. ಸುಮ್ಕೆ ಯಾಕೆ."

"ಇಲ್ಲ ಮೇಷ್ಟ್ರೇ. ಪೆಡಲ್ ಪೂರ್ತಿ ಕೆಳಗೇ ಇದೆ. ನಾನು ಬಿಟ್ಟೇ ಇಲ್ಲ."

"ಅಂಗನ್ನಿಸ್ತದೆ" ಎಂದರು ಮೇಷ್ಟ್ರು, ಬಹಳ ಮೃದುವಾಗಿ.

ಬೈದಿದ್ದರೆ ಜಗಳವಾಡುತ್ತಿದ್ದೆನೋ ಏನೋ. ಆ ಮೃದುತನದ ಮುಂದೆ ಏನೂ ಮಾಡಲಾಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಇಬ್ಬರಿಗೂ ಎಲ್ಲ ಕೇಳಿಸಿತ್ತು. ನನ್ನ ಕಾಲು ಸಣ್ಣದೆಂದು, ಸೊಟ್ಟವೆಂದು ಎಷ್ಟೋ ಜನ ಹೇಳಿದ್ದರು. ಅದು ಏನು ಮಾಡುತ್ತಿದೆಯೆಂದು ನನಗೇ ತಿಳಿಯುವುದಿಲ್ಲ ಎಂದು ಹೇಳಿದವರು ಇವರೇ ಮೊದಲು. ದಾರಿಯುದ್ದಕ್ಕೂ ನಾನೂ ಅದನ್ನು ನಂಬುತ್ತಾ ಬಂದೆ.

ಮನೆಗೆ ಬಂದು, "ಕಾಲು ಸಾಲದಂತೆ ಅಪ್ಪಾ" ಎಂದೆ. ಅಪ್ಪ ಹೋಗಿ ಶೆಡ್ಡಿನ ಬಾಗಿಲು ಹಾಕಿ ಬಂದರು. ವರ್ಷದ ಕೊನೆಗೆ ಸ್ಕೂಲು ಬಿಡುತ್ತೇನೆಂದು ಹೆಡ್‌ಮಿಸ್ಟ್ರೆಸ್ಸಿಗೆ ಹೇಳಿದೆ. ಅವರು ಬೇರೆಯವರನ್ನು ಹುಡುಕತೊಡಗಿದರು.

ಕೆಲವು ವಾರ ಕಳೆದಿರಬೇಕು. ಭಾನುವಾರ ಜಗಲಿಯ ಮೇಲೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬೀದಿಯ ತಿರುವಿನಲ್ಲಿ ಪರಿಚಿತ ಎಂಜಿನ್ನಿನ ಸದ್ದು. ತಿಳಿನೀಲಿ ಕಾರು ಮುಗ್ಗರಿಸುತ್ತಾ ಬಂದು ನಮ್ಮ ಗೇಟಿನ ಮುಂದೆ ಜರ್ಕು ಹೊಡೆದು ನಿಂತಿತು. ಮೇಷ್ಟ್ರು ಇಳಿದರು. ಹಿಂದಿನ ಸೀಟಿನಿಂದ ಆ ಇಬ್ಬರೂ ಇಳಿದು ಅವರ ಹಿಂದೆ ನಿಂತರು. ನಾನು ಗೇಟಿನ ಹತ್ತಿರ ಹೋದೆ. "ಒಳಗೆ ಬನ್ನಿ" ಎಂದರೆ ಮೇಷ್ಟ್ರು ಬರಲಿಲ್ಲ.

"ಆವತ್ತು ಇವ್ರ ಮುಂದೆ ಆ ಮಾತ್ ಏಳಿದ್ದೆ. ಅದ್ಕೇ ಇವ್ರುನ್ನೂ ಕರ್ಕಂಬಂದೆ" ಎಂದರು. "ನಿಮ್ ಕಾಲಲ್ಲ ಟೀಚರಮ್ಮ. ಗಾಡಿ."

ನನಗೆ ಮೊದಲು ಅರ್ಥವಾಗಲಿಲ್ಲ. ಅವರೇ ಹೇಳಿದರು. ಹಿಂದಿನ ವಾರ ಮೇಖ್ರಿ ಸರ್ಕಲ್ಲಿನಲ್ಲಿ ತಾವೇ ಸ್ಟಿಯರಿಂಗ್ ಹಿಡಿದು ನಿಂತಿದ್ದರಂತೆ. ಮುಂದೆ ಹುಲ್ಲು ತುಂಬಿದ ಎತ್ತಿನ ಗಾಡಿ. ಗೇರಿನಲ್ಲಿಟ್ಟು, ಕ್ಲಚ್ ಒತ್ತಿಕೊಂಡು, ಪಕ್ಕದವರ ಹತ್ತಿರ ಏನೋ ಮಾತಾಡುತ್ತಿದ್ದಾಗ ಕಾರು ತಾನೇ ತೆವಳಿ ಹೋಗಿ ಗಾಡಿಯ ಹಿಂಬದಿಗೆ ಮುಖ ಇಟ್ಟಿತಂತೆ. ಗಾಡಿಯವನು ಕೆಳಗಿಳಿದು ಅವರ ವಂಶವನ್ನೆಲ್ಲ ಜಾಲಾಡಿದನಂತೆ.

"ನನ್ ಕಾಲು ಪೂರ್ತಿ ಕೆಳಗೇ ಇತ್ತು ಟೀಚರಮ್ಮ. ನಾನು ಬುಟ್ಟೇ ಇರ್ಲಿಲ್ಲ."

"ಹಾಗನ್ನಿಸುತ್ತೆ ಮೇಷ್ಟ್ರೇ" ಎಂದೆ.

ನಾನು ಅಂದುಕೊಂಡು ಆಡಿದ ಮಾತಲ್ಲ, ಬಾಯಿಂದ ಜಾರಿತು. ಔಷಧಿ ಅಂಗಡಿಯವರು ಕೆಮ್ಮಿದಂತೆ ಮಾಡಿ ಆ ಕಡೆ ತಿರುಗಿದರು. ಮೇಷ್ಟ್ರು ತಲೆ ತಗ್ಗಿಸಿ, "ಅನ್ನಿ. ಅನ್ನಿಸ್ಕಳಾಕೇ ಬಂದಿವ್ನಿ" ಎಂದರು.

ನಾನು ಕರಗಲಿಲ್ಲ. ಕೋಪ ಇನ್ನೂ ಹಸಿಯಾಗಿತ್ತು. "ರಿಪೇರಿ ಆಯ್ತಲ್ಲ, ಬಿಡಿ. ನಾನು ಕಲಿಯೋದು ಬಿಟ್ಟಾಯ್ತು" ಎಂದೆ.

"ರಿಪೇರಿ ಮಾಡ್ಸಿಲ್ಲ. ನೀವು ಕಣ್ಣಾರೆ ನೋಡೋಗಂಟ ಮಾಡ್ಸಾಕಿಲ್ಲ. ಮೆಕ್ಯಾನಿಕ್ಕು ಕ್ಲಚ್ ಪ್ಲೇಟ್ ಓಗೈತೆ, ಗೇರ್ ಬಾಕ್ಸ್ ಇಳಿಸ್ಬೇಕು ಅಂದ. ನಾನು ಬ್ಯಾಡ ಅಂದೆ. ಒಂದ್ವಾರದಿಂದ ಯಾರ್ಗೂ ಪಾಠಾನೂ ಮಾಡಿಲ್ಲ. ನೀವು ನೋಡಿ. ಆಮ್ಯಾಕೆ ನಿಮ್ಮಿಷ್ಟ."

ನಾವು ಮಾತಾಡುವುದು ಕೇಳಿ ಅಪ್ಪ ಗೋಡೆ ಹಿಡಿದುಕೊಂಡು ಗೇಟಿನ ಹತ್ತಿರ ಬಂದಿದ್ದರು. "ನೋಡೇ. ನೋಡೋದ್ರಲ್ಲಿ ಏನು ಹೋಗುತ್ತೆ?" ಎಂದರು. ನಾನು ಗೇಟು ತೆರೆದು ಆಚೆ ಹೋದೆ.

ಮೇಷ್ಟ್ರು ಬಾನೆಟ್ಟು ಮಗುಚಿದರು. ಡ್ರೈವರಿನ ಎದುರಿಗೆ ಬರುವ ಗೋಡೆಯ ಮೇಲೆ, ಔಷಧಿ ಶೀಶೆಯಷ್ಟು ದೊಡ್ಡ ಒಂದು ಎಣ್ಣೆ ಡಬ್ಬಿ, ಅದರ ಕೆಳಗೊಂದು ಸಿಲಿಂಡರು. "ಈ ಗಾಡಿ ಕ್ಲಚ್ಚಿಗೆ ತಂತಿ ಇಲ್ಲ, ಎಣ್ಣೆ. ನೀವು ಪೆಡಲ್ ಒತ್ತಿದ್ರೆ ಇದ್ರೊಳಗಿನ ಎಣ್ಣೆ ಪೈಪ್ನಾಗೆ ಓಗಿ ಕೆಳಗಿರೋ ಸಿಲಿಂಡರ್ನ ನೂಕ್ತದೆ. ಅದು ಕಡ್ಡಿ ನೂಕ್ತದೆ. ಕಡ್ಡಿ ಕ್ಲಚ್ ಬುಡಿಸ್ತದೆ. ಈಗ ನೋಡಿ" ಎಂದು ಮುಚ್ಚಳ ಬಿಚ್ಚಿದರು. ಎಣ್ಣೆ ಬಾಯಿಯವರೆಗೂ ಇತ್ತು. "ಕಮ್ಮಿಯಾಗಿಲ್ಲ. ಅಂದ್ರೆ ಆಚೆಗೆಲ್ಲೂ ಸೋರಿಲ್ಲ." ಪೆಡಲಿನ ಕೆಳಗಿನ ಕಾರ್ಪೆಟ್ ಎತ್ತಿ ನನ್ನ ಕೈಯಿಂದಲೇ ಮುಟ್ಟಿಸಿದರು. ಒಣಗಿತ್ತು. ಆಮೇಲೆ ಒಂದು ಕಡ್ಡಿಗೆ ಚಿಂದಿ ಸುತ್ತಿ ಡಬ್ಬಿಯೊಳಗೆ ಅದ್ದಿ ತೆಗೆದರು. ಹೊಸ ಎಣ್ಣೆ ಹರಳೆಣ್ಣೆಯ ಬಣ್ಣಕ್ಕಿರುತ್ತದಂತೆ. ಇದು ಕಾಡಿಗೆ ಕದಡಿದಂತಿತ್ತು. "ಈ ಕಪ್ಪು ಎಲ್ಲಿಂದ ಬಂತು? ಒಳಗೆ ರಬ್ಬರ್ ಸವೀತಾ ಐತೆ."

"ಪ್ಲೇಟ್ ಅಲ್ಲ ಅಂತ ಹ್ಯಾಗೆ ಹೇಳ್ತೀರ?" ಎಂದು ಕೇಳಿದವರು ಅಪ್ಪ.

"ಪ್ಲೇಟ್ ಸವುದ್ರೆ ಎಂಜಿನ್ನು ಕೂಗ್ತದೆ, ಗಾಡಿ ಓಗಾಕಿಲ್ಲ ಯಜಮಾನ್ರೇ. ಇಲ್ಲಿ ಉಲ್ಟಾ. ಓಗಬ್ಯಾಡ ಅಂದ್ರೂ ಓಯ್ತದೆ."

ಕಾರಿನ ಒಳಗೆ, ಎರಡು ಸೀಟುಗಳ ನಡುವಿನ ಗೇರ್ ಬಾಕ್ಸಿನ ಹೊದಿಕೆಯನ್ನು ಅವರು ಮೊದಲೇ ಬಿಚ್ಚಿಟ್ಟುಕೊಂಡು ಬಂದಿದ್ದರು. ನನ್ನನ್ನು ತಮ್ಮ ಎಡಗಡೆಯ ಸೀಟಿನಲ್ಲಿ ಕೂರಿಸಿ ಬಗ್ಗಿ ನೋಡಲು ಹೇಳಿದರು. ಕೆಳಗಿನ ಸಿಲಿಂಡರು, ಅದರ ಬಾಯಿಗೆ ರಬ್ಬರಿನ ಟೋಪಿ, ಅದರಿಂದ ಹೊರಬಂದ ಒಂದು ಸಣ್ಣ ಕಬ್ಬಿಣದ ಕಡ್ಡಿ. ರಬ್ಬರ್ ಟೋಪಿ ಸುಲಿದು ತೋರಿಸಿದರು. ಅದರೊಳಗೂ ಒಂದು ಹನಿ ಎಣ್ಣೆಯಿಲ್ಲ. ಕಾಲೇಜು ಹುಡುಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ನೀನು ಯಾವಾಗ್ಲೂ ಒತ್ತೋ ತರ ಒತ್ತಪ್ಪ" ಎಂದರು. ಅವನು ದಡ್ಡನೆ ತುಳಿದ. ಕಡ್ಡಿ ಟಕ್ಕನೆ ಮುಂದೆ ಹೋಯಿತು. ಹುಡುಗ ಹಿಡಿದಿರುವಾಗಲೇ ಮೇಷ್ಟ್ರು ಕೈ ಹಾಕಿ ಪೈಪನ್ನು ಹಿಸುಕಿ ನೋಡಿ, "ಇದೂ ಉಬ್ಬಿಲ್ಲ" ಎಂದರು. ಅವನು ಬಿಟ್ಟ. ಕಡ್ಡಿ ಹಿಂದೆ ಬಂತು.

"ಈಗ ಟೀಚರಮ್ಮ ಒತ್ತೋ ತರ ಒತ್ತು. ನಿಧಾನುಕ್ಕೆ. ಒತ್ತಿ ಇಡ್ಕೊ. ನಾನು ಬುಡು ಅನ್ನೋಗಂಟ ಬುಡಬ್ಯಾಡ."

ಹುಡುಗ ನಿಧಾನವಾಗಿ ಒತ್ತಿದ. ಕಡ್ಡಿ ಅರ್ಧದಾರಿ ಹೋಯಿತು, ನಿಂತಿತು. ಆಮೇಲೆ, ಅವನ ಕಾಲು ತಳದಲ್ಲೇ ಇದ್ದರೂ, ಆ ಕಡ್ಡಿ ಸದ್ದಿಲ್ಲದೆ, ಒಂದು ಕೂದಲೆಳೆಯಷ್ಟು, ಮತ್ತೊಂದು ಕೂದಲೆಳೆಯಷ್ಟು, ಹಿಂದಕ್ಕೆ ಜರುಗತೊಡಗಿತು.

"ಬುಟ್ಯಾ?" ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ! ಪೂರ್ತಿ ಕೆಳಗೇ ಇದೆ!"

ಆ ಹುಡುಗನ ದನಿಯಲ್ಲಿ ನನ್ನದೇ ದನಿ ಕೇಳಿಸಿತು. ನಾನು ಮುಖ ಎತ್ತದೆ ಆ ಕಡ್ಡಿಯನ್ನೇ ನೋಡುತ್ತಿದ್ದೆ.

ಮೇಷ್ಟ್ರು ವಿವರಿಸಿದರು. ಮೇಲಿನ ಸಿಲಿಂಡರಿನೊಳಗೆ ಬಟ್ಟಲಿನಾಕಾರದ ಒಂದು ರಬ್ಬರ್ ಇರುತ್ತದೆ. ಅದರ ಅಂಚು ಸವೆದರೆ, ಜೋರಾಗಿ ಒದ್ದಾಗ ಅಂಚು ಅರಳಿ ಎಣ್ಣೆಯನ್ನು ತಡೆಯುತ್ತದೆ. ನಿಧಾನವಾಗಿ ಒತ್ತಿದರೆ ಎಣ್ಣೆ ಅದರ ಪಕ್ಕದಿಂದಲೇ ನುಸುಳಿ ಹಿಂದಕ್ಕೆ ಬಂದುಬಿಡುತ್ತದೆ. ಹೊರಗೆ ಸೋರುವುದಿಲ್ಲ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. "ಗಾಳಿ ಸೇರಿಕೊಂಡಿದ್ರೆ ಪೆಡಲ್ಲು ಮೆತ್ಗೆ ಸ್ಪಂಜಿನಂಗಿರ್ತಿತ್ತು, ಇಂಗೆ ಕಡ್ಡಿ ವಾಪಸ್ ಬತ್ತಿರ್ಲಿಲ್ಲ. ನಾವೆಲ್ಲಾ ದನ ಒದ್ದಂಗೆ ಒದೀತಿದ್ವಿ, ಅದ್ಕೇ ನಮಗೆ ಕಾಣ್ಲಿಲ್ಲ. ಕೆಟ್ಟೈತೆ ಅಂತ ನಿಮ್ ಕಾಲು ಮೊದ್ಲೇ ಏಳ್ತಿತ್ತು. ನಾನು ಕೇಳ್ಲಿಲ್ಲ. ನಂದು ತಪ್ಪಾಯ್ತು ಟೀಚರಮ್ಮ. ಇವರ ಮುಂದೆ ಏಳ್ತಿವ್ನಿ."

ಬೀದಿಯಲ್ಲಿ ಯಾರೋ ಸೊಪ್ಪು ಕೂಗಿಕೊಂಡು ಹೋಗುತ್ತಿದ್ದರು. ನಾನು ಸೀಟಿನಿಂದ ಏಳಲಿಲ್ಲ. ಅತ್ತುಬಿಡುತ್ತೇನೆಂಬ ಭಯವಿತ್ತು. ಅಪ್ಪ ಕಾರಿನ ಮೇಲ್ಛಾವಣಿಯನ್ನು ತಡವಿ ಹಿಡಿದುಕೊಂಡು, "ಕಾಫಿ ಕುಡ್ದು ಹೋಗಿ ಎಲ್ಲರೂ" ಎಂದರು. ಆಗ ಮೇಷ್ಟ್ರು ಗೇಟಿನೊಳಗೆ ಬಂದರು.

ಹೊಸ ರಬ್ಬರನ್ನು ಅವರು ಜೆ.ಸಿ. ರಸ್ತೆಗೆ ಹೋಗಿ ತಂದರು. ಸಿಲಿಂಡರು ಬಿಚ್ಚಿ, ತೊಳೆದು, ಜೋಡಿಸಿದ್ದು ನಮ್ಮ ಮನೆಯ ಅಂಗಳದಲ್ಲೇ. ನಾನೇ ಹಾಗೆ ಕೇಳಿದ್ದೆ. ಹಳೆಯ ರಬ್ಬರು ನನ್ನ ಅಂಗೈಗೆ ಬಂತು. ಬೆರಳಿನುಂಗುರಕ್ಕಿಂತ ಸ್ವಲ್ಪ ದೊಡ್ಡದು, ಅಂಚು ನುಣ್ಣಗೆ ಸವೆದಿತ್ತು. ಇಷ್ಟು ಸಣ್ಣ ವಸ್ತುವೊಂದು ನನ್ನನ್ನು ಕೆಲಸದಿಂದ ಬಿಡಿಸುವುದರಲ್ಲಿತ್ತು.

ಎಣ್ಣೆ ತುಂಬಿದ ಮೇಲೆ ಪೈಪಿನ ಗಾಳಿಯನ್ನು ಹೊರಗೆ ತೆಗೆಯಬೇಕು. ಕೆಳಗೆ ಒಬ್ಬರು ಸಣ್ಣ ತಿರುಪು ಸಡಿಲಿಸಿ ಬಿಗಿ ಮಾಡುತ್ತಿರಬೇಕು, ಮೇಲೆ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಹುಡುಗ ಮುಂದೆ ಬಂದ. ಮೇಷ್ಟ್ರು ಅವನನ್ನು ತಡೆದು, "ನೀನು ಒದ್ದು ಎಣ್ಣೇನೆಲ್ಲ ನೊರೆ ಮಾಡ್ತೀಯ. ಟೀಚರಮ್ಮ ಬರ್ಲಿ" ಎಂದರು. ನಾನು ಚಪ್ಪಲಿ ಬಿಟ್ಟು ಕೂತೆ. ಕೆಳಗಿನಿಂದ ಅವರ ದನಿ ಬರುತ್ತಿತ್ತು: "ಒತ್ತಿ. ಇಡ್ಕಳಿ. ಬುಡಿ." ತಿರುಪಿಗೆ ಸಿಕ್ಕಿಸಿದ್ದ ಕೊಳವೆಯ ತುದಿ ಎಣ್ಣೆ ಹಾಕಿದ ಗಾಜಿನ ಶೀಶೆಯಲ್ಲಿತ್ತು. ಅದರಲ್ಲಿ ಗುಳ್ಳೆಗಳು ಬರುತ್ತಿದ್ದವು. ಗುಳ್ಳೆಗಳು ಕಮ್ಮಿಯಾಗುತ್ತಾ, ಕೊನೆಗೆ ಬರಿಯ ಎಣ್ಣೆ ಬಂತು. ನನ್ನ ಕಾಲ ಕೆಳಗೆ ಪೆಡಲು ಗಟ್ಟಿಯಾಗಿ ನಿಂತಿತು. ನಾನು ಒತ್ತಿ ಹಿಡಿದೇ ಇದ್ದೆ. ಅದು ಕುಸಿಯಲಿಲ್ಲ. "ಸಾಕು ಬುಡಿ" ಎಂದರೂ ಬಿಡಲು ಮನಸ್ಸಾಗಲಿಲ್ಲ.

ಲೈಸೆನ್ಸಿನ ಪರೀಕ್ಷೆ ಯಶವಂತಪುರದಲ್ಲಿ. ಇನ್ಸ್‌ಪೆಕ್ಟರು ನನ್ನ ನಡಿಗೆ ನೋಡಿದರು, ಡಾಕ್ಟರು ಬರೆದುಕೊಟ್ಟಿದ್ದನ್ನು ನೋಡಿದರು, ಮತ್ತೆ ನಡಿಗೆ ನೋಡಿದರು. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಎತ್ತಿ ತೋರಿಸಿ ಎಂದರು. ಉಳಿದ ಯಾರಿಗೂ ಅದನ್ನು ಹೇಳಿರಲಿಲ್ಲ. ಮೇಷ್ಟ್ರು ದೂರದಲ್ಲಿ ಮರದ ಕೆಳಗೆ ನಮ್ಮ ಕಡೆ ಬೆನ್ನು ಹಾಕಿ ನಿಂತುಬಿಟ್ಟಿದ್ದರು. ನಾನು ಎತ್ತಿದೆ. ಕಾರು ಹಿಂದಕ್ಕೆ ಜಾರಲಿಲ್ಲ. ಇನ್ಸ್‌ಪೆಕ್ಟರು, "ಆಯ್ತು, ಹೋಗಿ" ಎಂದರು. ಅವಸರವಸರವಾಗಿ ಹೋಗಿ ಮೇಷ್ಟ್ರಿಗೆ ಹೇಳಿದರೆ, "ಗೇಟ್ ತಾವ ಸುಮ್ಕೆ ಒಂದು ಆರನ್ ಒಡುದ್ರಿ. ಕೇಳುಸ್ತು" ಎಂದರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಹೆಡ್‌ಮಿಸ್ಟ್ರೆಸ್ಸಿಗೆ ಅಷ್ಟರಲ್ಲಿ ಇನ್ನೂ ಯಾರೂ ಸಿಕ್ಕಿರಲಿಲ್ಲ. ಅಪ್ಪನ ಕಾರಿನಲ್ಲಿ, ಅಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಸಲ ಯಲಹಂಕಕ್ಕೆ ಹೋದೆ. ಆ ಸ್ಕೂಲಿನಲ್ಲೇ ಆಮೇಲೂ ಬಹಳ ವರ್ಷ ಇದ್ದೆ.

ಮೇಷ್ಟ್ರು ದೇವತಾಮನುಷ್ಯರೇನಲ್ಲ. ಮುಂಗೋಪಿ. ಬಸ್ ಕಂಡಕ್ಟರುಗಳ ಜೊತೆ ನಡುರಸ್ತೆಯಲ್ಲಿ ಜಗಳಕ್ಕೆ ನಿಲ್ಲುತ್ತಿದ್ದರು. ಹೆಂಡತಿ ಬೀಡಿ ಬಿಡಿ ಎಂದರೆ ಎರಡು ದಿನ ಮಾತು ಬಿಟ್ಟು, ಬೀಡಿ ಬಿಡುತ್ತಿರಲಿಲ್ಲ. ಆ ಬೀಡಿಯೇ ಕೊನೆಗೆ ಅವರ ಎದೆಯನ್ನು ತಿಂದದ್ದು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಕಾರು ಮಾರಿ, ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿರುತ್ತಿದ್ದರು. ನಾನು ಸ್ಕೂಲಿನಿಂದ ಬರುತ್ತಾ ಆಗಾಗ ಜಕ್ಕೂರಿನ ಕಡೆ ತಿರುಗುತ್ತಿದ್ದೆ. ನನ್ನ ಕಾರಿನ ಸದ್ದು ಕೇಳಿದರೆ, "ಎಂಜಿನ್ನು ಟಕಟಕ ಅಂತೈತೆ. ಟ್ಯಾಪೆಟ್ ನೋಡುಸ್ಬೇಕು, ಅಲ್ವಾ?" ಎನ್ನುತ್ತಿದ್ದರು. ಕೆಲವು ಸಲ ಅದು ನಿಜವೂ ಆಗಿರುತ್ತಿತ್ತು.

ಅವರು ಹೋದ ದಿನ ಅಲ್ಲಿಗೆ ತಲುಪಿದಾಗ ಅವರ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಎಂದೋ ಅವರ ಪಕ್ಕದಲ್ಲಿ ಕೂತು ಓಡಿಸಿದವರೇ. ಗೋಡೆಯ ಪಕ್ಕ ನಿಂತಿದ್ದ ರಾಜಾನುಕುಂಟೆಯ ಒಬ್ಬರು ತಾವಾಗಿ ಮಾತಾಡಿಸಿದರು. ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರಂತೆ.

"ನೀವು ಟೀಚರಮ್ಮ ಅಲ್ವ್ರಾ? ಕಾಲು..." ಎಂದು ನಿಲ್ಲಿಸಿದರು.

"ಹೌದು."

"ನಮ್ ಮನೆಗೂ ಬಂದಿದ್ರು. ಆ ಬ್ಯಾಸಿಗೇಲಿ ಯಾರ್ಯಾರ್ಗೆ ನಿಂಗೆ ಬರಾಕಿಲ್ಲ ಅಂದಿದ್ರೋ ಅವ್ರ ಮನೆಗೆಲ್ಲ ಓದ್ರಂತೆ. ಗಾಡಿ ಕೆಟ್ಟಿತ್ತು, ನಿನ್ ಕಾಲು ಸರ್ಯಾಗೈತೆ ಅಂತ. ಟೀಚರಮ್ಮ ಒಬ್ರು ಕಣ್ ತೆರೆಸಿದ್ರು ಅಂತಿದ್ರು." ಆಮೇಲೆ ದನಿ ತಗ್ಗಿಸಿದರು. "ನಿಜ ಏಳ್ಬೇಕಂದ್ರೆ, ನಂಗೆ ಕಲಿಯೋ ಆಸೇನೇ ಇರ್ಲಿಲ್ಲ ಕಣಮ್ಮ. ನಮ್ ಮಾವನ ಬಲವಂತ. ಬರಾಕಿಲ್ಲ ಅಂದ್ರಲ್ಲಾ ಅಂತ ಕುಸಿಯಾಗಿದ್ದೆ. ಮಾವ ಮನೇಲಿದ್ದಾಗ್ಲೇ ಬಂದು ಕಾಲು ಸರ್ಯಾಗೈತೆ ಅಂದ್ಬುಟ್ರು. ಕಲ್ತುಬುಟ್ಟೆ. ಏನ್ಮಾಡಾದು!"

ಸಾವಿನ ಮನೆಯ ಮುಂದೆ ಇಬ್ಬರೂ ನಕ್ಕುಬಿಟ್ಟೆವು. ನಕ್ಕಿದ್ದಕ್ಕೆ ನಾಚಿಕೊಂಡು ಸುಮ್ಮನಾದೆವು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಒಳಗಿನಿಂದ ಹೊಸ್ತಿಲಿಗೆ ಬಂದು ಗುಂಪಿನಲ್ಲಿ ಯಾರನ್ನೋ ಹುಡುಕಿದರು. ಕಣ್ಣು ನನ್ನ ಮೇಲೆ ನಿಂತಿತು. "ಗಾಡಿ ತಂದಿದ್ದೀಯ ಅಲ್ವಾ? ನನ್ ತಂಗಿ ಯಲಹಂಕದಾಗವ್ಳೆ, ನಿನ್ ಸ್ಕೂಲ್ ಇಂದ್ಗಡೆ ಬೀದೀಲಿ. ಬಸ್ಸಿಗೆ ಕಾದ್ರೆ ಇವ್ರುನ್ನ ಎತ್ತೋ ಒತ್ತಿಗೆ ಬರಾಕಿಲ್ಲ. ಜಲ್ದಿ ಓಗಿ ಕರ್ಕಂಬಾರವ್ವ" ಎಂದರು. ಸುತ್ತ ಗಂಡಸರು ಬೇಕಾದಷ್ಟಿದ್ದರು. ಯಾರೂ ತಾನು ಹೋಗುತ್ತೇನೆನ್ನಲಿಲ್ಲ, ಯಾರೂ ನನ್ನ ಕಾಲು ನೋಡಲಿಲ್ಲ. ದಾರಿ ಬಿಟ್ಟರು.

ಬೀದಿ ಇಕ್ಕಟ್ಟು, ತಿರುಗಿಸಲು ಜಾಗವಿಲ್ಲ. ಕೊನೆಯವರೆಗೂ ರಿವರ್ಸಿನಲ್ಲೇ ಹೋಗಬೇಕಿತ್ತು. ಹಿಂದೆ ಒಬ್ಬ ಮುದುಕರು "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎನ್ನುತ್ತಾ ಕೈಯಾಡಿಸುತ್ತಿದ್ದರು. ಕೆರೆ ಏರಿ ಬರುವವರೆಗೂ ನನಗೆ ಅಳು ಬರಲಿಲ್ಲ. ಅಲ್ಲಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಗಾಜು ಏರಿಸಿಕೊಂಡು ಅತ್ತೆ. ಆಮೇಲೆ ಮುಖ ಒರೆಸಿಕೊಂಡು ಯಲಹಂಕದ ಕಡೆ ಹೊರಟೆ. ತಡ ಮಾಡುವಂತಿರಲಿಲ್ಲ. ಅಲ್ಲೊಬ್ಬರು ಸೀರೆ ಉಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು.